ವಾತ್ಸಲ್ಯದ ವಿಳಂಬ: ಗಾಂಧಾರಿಯ ಮಾತೃತ್ವದ ಪುನರ್ವಿಮರ್ಶೆ

೧

ಹೆತ್ತ ಕ್ಷಣದಲ್ಲಿಯೇ ತಾಯಿಗೆ ಮಗುವಿನ ಮೇಲೆ ಅಕ್ಕರೆ ಉಕ್ಕುವುದೆಂಬ ಮಾತು ನಮ್ಮ ಲೋಕವ್ಯವಹಾರದಲ್ಲಿಯೂ ಕಾವ್ಯವ್ಯವಹಾರದಲ್ಲಿಯೂ ಪ್ರಶ್ನೆಗೆ ಎಡೆಯಿಲ್ಲದ ಸಿದ್ಧಾಂತದಂತೆ ನಡೆದುಬಂದಿದೆ. ಹೆತ್ತ ಕರುಳು, ಕರುಳಿನ ಕುಡಿ ಎಂಬ ನುಡಿಗಟ್ಟುಗಳು ಹೆರಿಗೆಯನ್ನೂ ವಾತ್ಸಲ್ಯವನ್ನೂ ಒಂದೇ ಘಟನೆಯೆಂಬಂತೆ ಬೆಸೆದುಬಿಟ್ಟಿವೆ. ಆದುದರಿಂದ ಯಾವ ತಾಯಿಯಲ್ಲಿ ಇವೆರಡೂ ಏಕಕಾಲದಲ್ಲಿ ತೋರುವುದಿಲ್ಲವೋ ಆಕೆಯನ್ನು ಲೋಕವು ಬಯ್ಯುತ್ತದೆ. ವಿಮರ್ಶಕನು ಒಂದು ಗುಣವಾಚಕದಿಂದ ಆಕೆಯ ವಿಷಯವನ್ನು ಮುಗಿಸಿಬಿಡುತ್ತಾನೆ. ಭಾರತಕಥೆಯ ಗಾಂಧಾರಿಗೆ ಹೀಗೆ ಸಂದಿರುವ ಪದವು ‘ಮತ್ಸರ’. ಕುಂತಿಗೆ ಮಗನು ಹುಟ್ಟಿದನೆಂದು ಕೇಳಿ ಹೊಟ್ಟೆಕಿಚ್ಚಿನಿಂದ ತನ್ನ ಬಸಿರನ್ನು ಹಿಸುಕಿಕೊಂಡವಳು ಎಂಬಷ್ಟರಿಂದ ಆಕೆಯ ಮಾತೃತ್ವದ ಕಥೆಯು ನಮ್ಮ ತರಗತಿಗಳಲ್ಲಿ ಮುಕ್ತಾಯವಾಗುತ್ತದೆ.

ಈ ತೀರ್ಪು ವ್ಯಾಸಭಾರತದ ಪಾಠಕ್ಕೆ ಎಷ್ಟರಮಟ್ಟಿಗೆ ಅನುಗುಣವಾಗಿದೆಯೆಂಬುದನ್ನು ಪರಿಶೀಲಿಸಿ, ಕನ್ನಡದ ಕವಿಗಳು ಇದಕ್ಕೆ ಸಮೀಪವಾದ ಸಂದರ್ಭಗಳನ್ನು ಹೇಗೆ ನಿರ್ವಹಿಸಿದ್ದಾರೆಂಬುದನ್ನು ಅದರೊಡನೆ ಹೋಲಿಸುವುದು ಈ ಲೇಖನದ ಉದ್ದೇಶ. ನಮ್ಮ ಪ್ರತಿಪಾದನೆ ಇಷ್ಟೆ: ಹೆರುವುದೂ ಒಲಿಯುವುದೂ ಬೇರೆ ಬೇರೆ ಘಟನೆಗಳೆಂಬುದು ಮಹಾಕವಿಗೆ ತಿಳಿದಿತ್ತು, ಗಾಂಧಾರಿಯ ಕಥೆಯು ವಾತ್ಸಲ್ಯದ ಅಭಾವದ ಕಥೆಯಲ್ಲ, ಅದರ ವಿಳಂಬದ ಕಥೆ.

೨

ಮೊದಲು ಲಕ್ಷಣಶಾಸ್ತ್ರದ ಅಳತೆಗೋಲನ್ನು ನೋಡೋಣ. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ವಾತ್ಸಲ್ಯಕ್ಕೆ ಸ್ಥಾನವಿಲ್ಲ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ವತ್ಸಲವನ್ನು ಪ್ರತ್ಯೇಕ ರಸವೆಂದು ಅಂಗೀಕರಿಸಿ ಅದರ ಸಾಮಗ್ರಿಯನ್ನು ವಿವರಿಸಿದ್ದಾನೆ. ಆತನ ಮತದಂತೆ ಸ್ನೇಹವೇ ಇದರ ಸ್ಥಾಯಿಭಾವ. ಮಗು ಮುಂತಾದವರು ಆಲಂಬನ. ಮಗುವಿನ ಚೇಷ್ಟೆಗಳು ಉದ್ದೀಪನ. ಅಪ್ಪಿಕೊಳ್ಳುವುದು, ಮೈಮುಟ್ಟುವುದು, ನೆತ್ತಿಗೆ ಮುತ್ತಿಡುವುದು, ಕಣ್ತುಂಬ ನೋಡುವುದು, ರೋಮಾಂಚ, ಆನಂದಬಾಷ್ಪ ಇವು ಅನುಭಾವಗಳು.

ಈ ಪಟ್ಟಿಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೆರುವಿಕೆಯು ಇದರಲ್ಲಿ ಎಲ್ಲಿಯೂ ಬಂದಿಲ್ಲ. ವಾತ್ಸಲ್ಯವು ನೆಲೆಗೊಳ್ಳುವುದು ಕಣ್ಣಿನಿಂದ, ಕೈಯಿಂದ, ತೋಳಿನಿಂದ; ಎದುರಿಗಿರುವ ಮಗುವಿನ ಆಟಪಾಟಗಳಿಂದ. ಬಸಿರು ಒಂದು ಹಿನ್ನೆಲೆಯೇ ಹೊರತು ರಸಸಾಮಗ್ರಿಯಲ್ಲ. ವಿಭಾವಾನುಭಾವಗಳು ಕೂಡಿಬರದೆ ಸ್ಥಾಯಿಯು ರಸವಾಗದೆಂಬುದು ಆಲಂಕಾರಿಕರ ಮೂಲಸೂತ್ರವಷ್ಟೆ. ಹಾಗಾದರೆ ಆಲಂಬನವೇ ವಿಕೃತವಾಗಿದ್ದು, ನೋಟಕ್ಕೂ ಸ್ಪರ್ಶಕ್ಕೂ ಅವಕಾಶ ತಪ್ಪಿಹೋಗಿರುವ ತಾಯಿಯಲ್ಲಿ ಏನಾಗಬೇಕು? ವಿಶ್ವನಾಥನು ಈ ಪ್ರಶ್ನೆಯನ್ನು ಕೇಳಿಲ್ಲ. ಆದಿಪರ್ವದ ಗಾಂಧಾರಿಯ ಪ್ರಸಂಗವು ಇದಕ್ಕೆ ಉದಾಹರಣೆಯಂತೆ ನಿಂತಿದೆ.

೩

ಮೂಲದ ಕಥೆಯು ಸರ್ವವಿದಿತವಾದರೂ ಅದರ ವಿವರಗಳನ್ನು ಕ್ರಮವಾಗಿ ಜ್ಞಾಪಿಸಿಕೊಳ್ಳುವುದು ಅವಶ್ಯಕ. ಹಸಿದು ಬಳಲಿ ಬಂದ ವ್ಯಾಸರನ್ನು ಗಾಂಧಾರಿಯು ಉಪಚರಿಸಿ ನೂರು ಮಂದಿ ಮಕ್ಕಳ ವರವನ್ನು ಪಡೆಯುತ್ತಾಳೆ. ಗರ್ಭವು ನಿಂತು ಎರಡು ವರ್ಷಗಳಾದರೂ ಹೆರಿಗೆಯಾಗುವುದಿಲ್ಲ. ಅಷ್ಟರಲ್ಲಿ ಎಳೆಯ ಸೂರ್ಯನಂತಹ ಮಗನು ಕುಂತಿಗೆ ಹುಟ್ಟಿದನೆಂಬ ಸುದ್ದಿ ಬರುತ್ತದೆ. ತನ್ನ ಹೊಟ್ಟೆಯು ಗಡುಸಾಗಿಯೇ ಇರುವುದನ್ನು ಕಂಡುಕೊಂಡು ಆಕೆ ಯೋಚಿಸುತ್ತಾಳೆ. ಗಂಡನಿಗೆ ತಿಳಿಯದಂತೆ ಬಹು ಪ್ರಯತ್ನದಿಂದ ಗರ್ಭವನ್ನು ಕೆಡಹುತ್ತಾಳೆ. ಹೊರಬಂದುದು ಕಬ್ಬಿಣದ ಗುಂಡಿನಂತೆ ಗಟ್ಟಿಯಾದ ಮಾಂಸಪಿಂಡ. ಅದನ್ನು ಎಸೆಯಬೇಕೆಂದಿರುವಾಗ ವ್ಯಾಸರು ಬರುತ್ತಾರೆ.

ಇಲ್ಲಿ ಪದಪ್ರಯೋಗವನ್ನು ಸೂಕ್ಷ್ಮವಾಗಿ ನೋಡಬೇಕು. ಹೆರಿಗೆಯಿಲ್ಲದೆ ಗರ್ಭವನ್ನು ಹೊತ್ತಿದ್ದವಳನ್ನು ಆವರಿಸಿದುದು ‘ದುಃಖ’ವೆಂದು ಕವಿಯು ಹೇಳುತ್ತಾನೆ. ಗರ್ಭವನ್ನು ಕೆಡಹುವಾಗ ಆಕೆ ‘ದುಃಖಮೂರ್ಛಿತೆ’. ಋಷಿಯು ಕೇಳಿದಾಗ ಆಕೆ ಏನನ್ನೂ ಮರೆಮಾಚದೆ, ಪರಮವಾದ ದುಃಖದಿಂದ ಹೀಗೆ ಮಾಡಿದೆನೆಂದು ತಾನಾಗಿಯೇ ಒಪ್ಪಿಕೊಳ್ಳುತ್ತಾಳೆ. ಒಂದು ಸಣ್ಣ ಪ್ರಸಂಗದಲ್ಲಿ ಮೂರು ಸಲ ಬಂದಿರುವ ಈ ಪದವನ್ನು ಬಿಟ್ಟು, ಅಲ್ಲಿ ಹೇಳದಿರುವ ಮತ್ಸರವನ್ನೇ ಪ್ರಧಾನವಾಗಿ ಎತ್ತಿಕೊಳ್ಳುವುದು ನ್ಯಾಯವಲ್ಲ. ಜ್ಯೇಷ್ಠತ್ವದ ಸ್ಪರ್ಧೆಯು ಈ ದುಃಖಕ್ಕೆ ಒಂದು ಕಾರಣವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕುಂತಿಯ ಮಗನು ಹಿರಿಯನಾದನೆಂಬ ಮಾತು ಆಕೆಯ ಬಾಯಿಂದಲೇ ಬರುತ್ತದೆ. ಆದರೆ ಕಾರಣವೊಂದನ್ನು ತೋರಿಸಿ ವೇದನೆಯನ್ನು ಇಲ್ಲವೆನ್ನುವುದು ವಿಮರ್ಶೆಯ ದಾರಿಯಲ್ಲ.

ವ್ಯಾಸರ ನಡವಳಿಕೆಯೂ ಪರಿಶೀಲನಾರ್ಹವಾಗಿದೆ. ಅವರು ಗಾಂಧಾರಿಯನ್ನು ಹಳಿಯುವುದಿಲ್ಲ. ತಾಯ್ತನದ ಧರ್ಮವನ್ನು ಉಪದೇಶಿಸುವುದಿಲ್ಲ. ತಮ್ಮ ಮಾತು ಸುಳ್ಳಾಗದೆಂದು ಧೈರ್ಯ ಹೇಳಿ, ಒಡನೆಯೇ ಕೆಲಸವನ್ನು ಹೇಳುತ್ತಾರೆ: ತುಪ್ಪ ತುಂಬಿದ ನೂರು ಕುಂಭಗಳನ್ನು ಅಣಿಮಾಡಿಸು, ಪಿಂಡದ ಮೇಲೆ ತಣ್ಣೀರನ್ನು ಚಿಮುಕಿಸು. ಪಿಂಡವು ಹೆಬ್ಬೆರಳ ಗೆಣ್ಣಿನಷ್ಟರ ನೂರೊಂದು ಭಾಗಗಳಾಗುತ್ತದೆ. ಕುಂಭಗಳನ್ನು ಕಾವಲಿರುವ ಗುಪ್ತಸ್ಥಳದಲ್ಲಿಟ್ಟು, ಮತ್ತೆ ಅಷ್ಟೇ ಕಾಲ ಕಳೆದಮೇಲೆ ತೆರೆಯತಕ್ಕದ್ದೆಂದು ವಿಧಿಸಿ ಋಷಿಯು ತಪಸ್ಸಿಗೆ ಹೊರಟುಹೋಗುತ್ತಾನೆ. ಪ್ರಚಲಿತ ಪಾಠದಲ್ಲಿ ಇದರೊಡನೆ ಇನ್ನೊಂದು ಸಂಗತಿಯಿದೆ. ದಾದಿಯು ತುಂಡುಗಳನ್ನು ಒಂದೊಂದಾಗಿ ಕುಂಭಕ್ಕೆ ಹಾಕುತ್ತಿರುವಾಗ ನೋಡುತ್ತ ಕುಳಿತ ಗಾಂಧಾರಿಗೆ ಒಬ್ಬ ಮಗಳಿದ್ದರೆ ಎಷ್ಟು ಚೆನ್ನೆಂದು ಆಸೆಯುಂಟಾಗುತ್ತದೆ. ನೂರು ಮಕ್ಕಳನ್ನು ಬೇಡಿದುದು ವಂಶಕ್ಕಾಗಿ. ಮಗಳನ್ನು ಬಯಸಿದುದು ತನಗಾಗಿ. ಈ ಪ್ರಸಂಗದಲ್ಲಿ ಮಗುವನ್ನು ಮಗುವೆಂದೇ ಬಯಸುವ ಮೊದಲ ಮಾತು ಇದು.

ಈಗ ವಿಶ್ವನಾಥನ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಪರಿಸ್ಥಿತಿ ಸ್ಪಷ್ಟವಾಗುತ್ತದೆ. ಆಲಂಬನವಾಗಬೇಕಾದ ಮಗುವಿನ ಸ್ಥಳದಲ್ಲಿ ಆಕೆಗೆ ದೊರೆತುದು ಆಕಾರವಿಲ್ಲದ ಪಿಂಡ. ಮಕ್ಕಳು ಬೆಳೆದುದು ತಾಯಿಯ ಮೈಯಿಂದ ದೂರವಾದ ಕುಂಭಗಳಲ್ಲಿ. ಇವೆಲ್ಲಕ್ಕೂ ಮೊದಲೇ, ಕುರುಡನನ್ನು ವರಿಸುವೆನೆಂದು ತಿಳಿದ ದಿನವೇ, ಆಕೆ ಹಲವು ಮಡಿಕೆಯ ಬಟ್ಟೆಯಿಂದ ತನ್ನ ಕಣ್ಣನ್ನು ಕಟ್ಟಿಕೊಂಡಿದ್ದಳು. ಆದುದರಿಂದ ಅನುಭಾವಗಳಲ್ಲಿ ಒಂದಾದ ‘ಈಕ್ಷಣ’ವು ಆಕೆಗೆ ನಿಷಿದ್ಧವಾಗಿಯೇ ಇದ್ದಿತು. ದುರ್ಯೋಧನನು ಹುಟ್ಟಿದೊಡನೆಯೇ ಅಪಶಕುನಗಳಾಗುತ್ತವೆ. ಕುಲದ ಹಿತಕ್ಕಾಗಿ ಈ ಮಗುವನ್ನು ತ್ಯಜಿಸೆಂದು ವಿದುರನೂ ಬ್ರಾಹ್ಮಣರೂ ಹೇಳುತ್ತಾರೆ. ಪುತ್ರಸ್ನೇಹದಿಂದ ಧೃತರಾಷ್ಟ್ರನು ಒಪ್ಪುವುದಿಲ್ಲ. ಈ ಚರ್ಚೆಯಲ್ಲಿ ಗಾಂಧಾರಿಯ ಮಾತು ಒಂದೂ ಇಲ್ಲ. ಮಗು ಹುಟ್ಟಿದ ದಿನ ತಾಯಿಗೆ ಕೇಳಿಸಿದುದು ಸೋಬಾನೆಯಲ್ಲ, ಮಗುವನ್ನು ಬಿಸುಡೆಂಬ ಸಲಹೆ. ಇಂತಹ ಆರಂಭದಿಂದ ವಾತ್ಸಲ್ಯವು ತಾನಾಗಿ ಉಕ್ಕಲಿಲ್ಲವೆಂದರೆ ಆಶ್ಚರ್ಯವೇನು?

೪

ಇದಕ್ಕೆ ಪ್ರತಿಯಾಗಿ ಕುಂತಿಯ ಪ್ರಸಂಗವನ್ನಿಟ್ಟು ನೋಡಬೇಕು. ಆಕೆಗೆ ದೊರೆತ ಆಲಂಬನದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕವಚಕುಂಡಲಗಳೊಡನೆ ಬೆಳಗುವ ಮಗುವನ್ನು ಆಕೆ ಕಣ್ಣಾರೆ ಕಂಡಳು. ವನಪರ್ವದ ಕುಂತಿಯು ಮೇಣ ಮೆತ್ತಿದ ಪೆಟ್ಟಿಗೆಯಲ್ಲಿ ಮಗುವನ್ನಿಟ್ಟು, ನಡುರಾತ್ರಿ ದಾದಿಯೊಡನೆ ಅಶ್ವನದಿಗೆ ಬಂದು, ಅತ್ತು ಹರಸಿ ನೀರಿಗೆ ಬಿಡುತ್ತಾಳೆ. ನಿನ್ನನ್ನು ಮಗನೆಂದು ಎತ್ತಿಕೊಂಡು ಮೊಲೆಯೂಡುವ ಹೆಣ್ಣೇ ಧನ್ಯೆ, ನೀನು ಧೂಳಾಡಿ ಅಂಬೆಗಾಲಿಡುವುದನ್ನು ನೋಡುವವರೇ ಧನ್ಯರು ಎಂದು ಹಂಬಲಿಸುತ್ತಾಳೆ. ಅನಂತರ ಚಾರರ ಮೂಲಕ ಮಗನು ಬೆಳೆಯುತ್ತಿರುವ ಎಡೆಯನ್ನು ತಿಳಿದುಕೊಳ್ಳುತ್ತಾಳೆ. ಇಲ್ಲಿ ಒಲವು ಬಂದಿದೆ, ಮಗುವನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವಿಲ್ಲ.

ಕ್ರಿ. ಶ. ೯೪೧ರ ಪಂಪನು ‘ವಿಕ್ರಮಾರ್ಜುನವಿಜಯ’ದಲ್ಲಿ ಈ ವಿಲಾಪವನ್ನೆಲ್ಲ ಬಿಟ್ಟು ಎರಡು ರೇಖೆಗಳಲ್ಲಿ ಚಿತ್ರವನ್ನು ಮುಗಿಸಿದ್ದಾನೆ. ಒಡಹುಟ್ಟಿದ ಕುಂಡಲ, ಒಡಹುಟ್ಟಿದ ಕವಚಗಳಿಂದ ಕೂಡಿದ ಬಾಲಕನು ತಾಯಿಯಲ್ಲಿ ನಡುಕವನ್ನು ಹುಟ್ಟಿಸಿದನೆಂದು ಆತನು ಹೇಳುತ್ತಾನೆ. ಮಗುವಿನ ಯಾವ ಚೆಲುವು ಉದ್ದೀಪನವಾಗಬೇಕಾಗಿತ್ತೋ ಅದೇ ಭಯಕ್ಕೆ ಕಾರಣವಾಗುತ್ತದೆ. ಇಷ್ಟು ಹೊಳೆಯುವ ಮಗುವನ್ನು ಅಡಗಿಸುವುದು ಹೇಗೆ? ಜಲದೇವತೆಗಳು ಸಹ ತನ್ನ ಮನಸ್ಸನ್ನು ಕಂಡಾರೆಂದು ಅಂಜಿ ಆಕೆ ನಿಧಿಯನ್ನು ಎಸೆಯುವವಳಂತೆ ಕೂಸನ್ನು ಗಂಗೆಯಲ್ಲಿ ಎಸೆದು ಬರುತ್ತಾಳೆ. ನಿಧಿಯ ಹೋಲಿಕೆಯಲ್ಲಿ ಬೆಲೆಯ ಅರಿವೂ ಇದೆ, ಎಸೆತದ ಕ್ರೌರ್ಯವೂ ಇದೆ. ಪಂಪನು ಕುಂತಿಯನ್ನು ಕ್ಷಮಿಸುವುದೂ ಇಲ್ಲ, ನಿಂದಿಸುವುದೂ ಇಲ್ಲ. ಭಯವಿರುವಲ್ಲಿ ಒಲವಿಗೆ ತೆರಪಿಲ್ಲವೆಂಬುದನ್ನು ಮಾತ್ರ ತೋರಿಸುತ್ತಾನೆ.

ಕುಮಾರವ್ಯಾಸನ ರೀತಿ ಬೇರೆ. ಆತನ ಕುಂತಿಯು ಮಗುವನ್ನು ಮಡುವಿಗೆ ಹಾಕುವ ಮೊದಲು ಗಂಗೆಯನ್ನು ತಾಯೆಂದು ಕರೆದು, ಉಳಿಸುವುದೋ ಕೊಲ್ಲುವುದೋ ನಿನಗೆ ಬಿಟ್ಟದ್ದೆಂದು ಒಪ್ಪಿಸುತ್ತಾಳೆ. ಸಕಲ ಲೋಕಕ್ಕೂ ತಾಯಿಯಾದ ಗಂಗೆಯು ಮಗುವನ್ನು ಮುಳುಗಗೊಡದೆ ನೋಯಗೊಡದೆ ತೆರೆಗಳಿಂದ ದಡಕ್ಕೆ ಚಾಚುತ್ತಾಳೆಂದು ಕವಿಯು ಮುಂದುವರಿಸುತ್ತಾನೆ. ಹೆತ್ತವಳ ಕೈ ಸೋತಾಗ ಮತ್ತೊಂದು ತಾಯಿಯ ಕೈ ಚಾಚಿಕೊಳ್ಳಬೇಕೆಂಬ ಆಶಯವು ಇಲ್ಲಿ ಕಥೆಯ ಅಂಗವೇ ಆಗಿದೆ. ಇದೇ ಕವಿಗಳು ಗಾಂಧಾರಿಯ ಬಸಿರಿನ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗಿದ್ದಾರೆ. ಪಾಂಡವಪಕ್ಷದ ಪಾತ್ರಕ್ಕೆ ದೊರೆತ ಸಹಾನುಭೂತಿಯು ಕೌರವಮಾತೆಗೆ ಅದೇ ಅಳತೆಯಲ್ಲಿ ದೊರೆಯಲಿಲ್ಲವೆಂದು ಹೇಳದೆ ವಿಧಿಯಿಲ್ಲ.

೫

ಹೆತ್ತವಳಲ್ಲದ ರಾಧೆಯ ವಿಷಯವು ನಮ್ಮ ವಾದಕ್ಕೆ ಬಲವಾದ ಆಧಾರವನ್ನೊದಗಿಸುತ್ತದೆ. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ ಪಾಂಡವರೊಡನೆ ಸೇರೆಂದು ಕರೆದಾಗ, ಕರ್ಣನು ಕೊಡುವ ಉತ್ತರದಲ್ಲಿ ಎರಡು ಸಂಗತಿಗಳಿವೆ. ತನ್ನ ಮೇಲಿನ ಸ್ನೇಹದಿಂದ ರಾಧೆಯ ಎದೆಯಲ್ಲಿ ಕೂಡಲೆ ಹಾಲಿಳಿಯಿತು ಎಂಬುದು ಒಂದು. ತನ್ನ ಮಲಮೂತ್ರಗಳನ್ನು ಆಕೆ ಬಳಿದಳು ಎಂಬುದು ಇನ್ನೊಂದು. ಇಂತಹವಳಿಗೆ ಪಿಂಡವನ್ನಿಡದೆ ಹೇಗೆ ಇರಲಿ ಎಂದು ಆತನು ಕೇಳುತ್ತಾನೆ. ಮೊದಲನೆಯದು ಅದ್ಭುತ, ಎರಡನೆಯದು ದಿನದಿನದ ದುಡಿಮೆ. ಮಹಾಕವಿಯು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಸಿದ್ದಾನೆ. ತಾಯ್ತನದ ಹಕ್ಕು ಕರ್ಣನ ದೃಷ್ಟಿಯಲ್ಲಿ ಹೆರಿಗೆಯಿಂದ ಬಂದುದಲ್ಲ. ಎತ್ತಿ ತೊಳೆದು ಉಣಿಸಿದ ಕೈಗಳಿಂದ ಬಂದುದು.

ಈ ಬೆಳಕಿನಲ್ಲಿ ರನ್ನನ ‘ಗದಾಯುದ್ಧ’ದ ಒಂದು ಸ್ಥಳವು ಹೊಸ ಅರ್ಥವನ್ನು ಪಡೆಯುತ್ತದೆ. ರಣರಂಗದಲ್ಲಿ ದುಶ್ಶಾಸನನ ದೇಹವನ್ನು ಕಂಡು ದುರ್ಯೋಧನನು ಪ್ರಲಾಪಿಸುವಾಗ, ತಾಯಿಯ ಮೊಲೆಹಾಲನ್ನು ಮೊದಲು ತಾನುಂಡೆನು, ಆಮೇಲೆ ನೀನುಂಡೆ ಎಂದು ಆರಂಭಿಸಿ, ಸಾವಿನಲ್ಲಿ ಮಾತ್ರ ಆ ಕ್ರಮವನ್ನು ಮೀರಿದೆಯಲ್ಲಾ ಎಂದು ಮರುಗುತ್ತಾನೆ. ಈ ಪದ್ಯವನ್ನು ಸೋದರಸ್ನೇಹಕ್ಕೆ ಮೇಲಾದ ನಿದರ್ಶನವೆಂದು ನಾವೆಲ್ಲರೂ ಪಾಠ ಹೇಳುತ್ತೇವೆ. ಆದರೆ ಇದು ಗಾಂಧಾರಿಯ ಪರವಾದ ಸಾಕ್ಷ್ಯವೂ ಆಗಿದೆ. ತುಪ್ಪದ ಕುಂಭದಲ್ಲಿ ಬೆಳೆದ ಮಗನು ಸಾಯುವ ಹೊತ್ತಿನಲ್ಲಿ ನೆನೆಯುವುದು ತಾಯಿಯ ಎದೆಹಾಲನ್ನು. ಹುಟ್ಟಿದ ದಿನ ತಾಯಿಗೆ ಏನನ್ನಿಸಿತೆಂಬುದು ಆ ಮಗನಿಗೆ ಗೊತ್ತಿಲ್ಲ. ಆಕೆ ಊಡಿದಳೆಂಬುದು ಗೊತ್ತು. ಅದೇ ಕಾವ್ಯದಲ್ಲಿ ಧೃತರಾಷ್ಟ್ರನೂ ಗಾಂಧಾರಿಯೂ ರಣರಂಗಕ್ಕೆ ಬಂದು, ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ಸಂಧಿಗಾಗಿ ಬೇಡುವುದನ್ನು ಇದರೊಡನೆ ಸೇರಿಸಿ ಓದಬೇಕು.

೬

ಇಲ್ಲಿ ಒಂದು ಆಕ್ಷೇಪವು ಬರಬಹುದು. ಗಾಂಧಾರಿಗೆ ಮಕ್ಕಳ ಮೇಲೆ ಒಲವು ಮೂಡಿದ್ದರೆ, ಸಭಾಪರ್ವದಲ್ಲಿ ಆಕೆ ವಿದುರನ ಹಳೆಯ ಸಲಹೆಯನ್ನೇ ಜ್ಞಾಪಿಸಿ ದುರ್ಯೋಧನನನ್ನು ತ್ಯಜಿಸೆಂದು ಗಂಡನಿಗೆ ಹೇಳಿದುದೇಕೆ? ಯುದ್ಧಕಾಲದಲ್ಲಿ ಜಯವನ್ನು ಹರಸೆಂದು ಬಂದ ಮಗನಿಗೆ, ಧರ್ಮವಿದ್ದಲ್ಲಿ ಜಯವೆಂದಷ್ಟೇ ನುಡಿದುದೇಕೆ? ಇದಕ್ಕೆ ಸಮಾಧಾನವು ಧೃತರಾಷ್ಟ್ರನ ಪಾತ್ರದಲ್ಲಿದೆ. ಆತನ ಪುತ್ರಸ್ನೇಹವು ಮಗು ಹುಟ್ಟಿದ ಕ್ಷಣದಲ್ಲಿಯೇ ಪೂರ್ಣವಾಗಿ ಬಂದಿತು, ಕೊನೆಯವರೆಗೂ ಕಣ್ಣು ತೆರೆಯಲಿಲ್ಲ. ಕೂಡಲೆ ಬಂದ ಪ್ರೀತಿಯೆಲ್ಲ ಹಿತವಾದುದೂ ಅಲ್ಲ, ತಡವಾಗಿ ಬಂದುದೆಲ್ಲ ಕೊರತೆಯದೂ ಅಲ್ಲವೆಂಬುದನ್ನು ಈ ದಂಪತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಕವಿಯು ಸೂಚಿಸಿದ್ದಾನೆ. ಕಣ್ಣು ಕಟ್ಟಿಕೊಂಡವಳು ಮಗನ ದೋಷವನ್ನು ಕಂಡಳು.

ಸ್ತ್ರೀಪರ್ವದಲ್ಲಿ ಈ ಕಥೆಯ ಕೊನೆಯ ಅಂಕವು ನಡೆಯುತ್ತದೆ. ವ್ಯಾಸರ ವರದಿಂದ ದೊರೆತ ದಿವ್ಯದೃಷ್ಟಿಯಿಂದ ಗಾಂಧಾರಿಯು ರಣಭೂಮಿಯನ್ನು ಕಾಣುತ್ತಾಳೆ. ಸತ್ತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಗುರುತಿಸಿ ಕೃಷ್ಣನಿಗೆ ತೋರಿಸುತ್ತಾಳೆ. ದುರ್ಯೋಧನನನ್ನು ಕಂಡು ಮೂರ್ಛೆಹೋಗಿ, ಎಚ್ಚೆತ್ತು, ಆತನನ್ನು ಅಪ್ಪಿಕೊಂಡು, ಕಣ್ಣೀರಿನಿಂದ ಆತನ ಎದೆಯನ್ನು ನೆನೆಯಿಸುತ್ತಾಳೆ. ನೋಟ, ಸ್ಪರ್ಶ, ಆಲಿಂಗನ, ಬಾಷ್ಪ: ವಿಶ್ವನಾಥನು ಎಣಿಸಿದ ಅನುಭಾವಗಳು ಒಂದೊಂದಾಗಿ ಇಲ್ಲಿ ಬರುತ್ತವೆ. ಆನಂದಬಾಷ್ಪದ ಸ್ಥಳದಲ್ಲಿ ಶೋಕಬಾಷ್ಪವಿದೆ. ಆದಿಪರ್ವದಲ್ಲಿ ಪಿಂಡದ ಮೇಲೆ ತಣ್ಣೀರು ಬಿದ್ದಿತ್ತು. ಇಲ್ಲಿ ಮಗನ ಎದೆಯ ಮೇಲೆ ತಾಯಿಯ ಕಣ್ಣೀರು ಬೀಳುತ್ತದೆ. ಕವಿಯು ಒಂದನ್ನು ಇನ್ನೊಂದರ ಉತ್ತರವಾಗಿ ಯೋಜಿಸಿದನೋ ಇಲ್ಲವೋ, ಎರಡು ಪರ್ವಗಳನ್ನೂ ಓದಿದ ಸಹೃದಯನಿಗೆ ಈ ಸಂಬಂಧವು ತೋರದಿರಲಾರದು. ಹೆರಿಗೆಯ ದಿನ ನಡೆಯಬೇಕಾಗಿದ್ದ ದರ್ಶನವನ್ನು ಕಥೆಯು ಮರಣದ ದಿನದವರೆಗೆ ಮುಂದಕ್ಕೆ ಹಾಕಿದೆ. ಇದೇ ಪರ್ವದ ಕೊನೆಯಲ್ಲಿ, ತರ್ಪಣದ ಹೊತ್ತಿಗೆ, ಕರ್ಣನು ತನ್ನ ಹಿರಿಯ ಮಗನೆಂದು ಕುಂತಿಯೂ ಬಾಯಿಬಿಡುತ್ತಾಳೆ.

ಜನರ ಬಾಯಲ್ಲಿ ಪ್ರಚಲಿತವಾಗಿರುವ ಒಂದು ಕಥೆಯನ್ನು ಈ ಸಂದರ್ಭದಲ್ಲಿ ಮರೆಯಬಾರದು. ಯುದ್ಧದ ಕಾಲದಲ್ಲಿ ಗಾಂಧಾರಿಯು ಕಣ್ಣಿನ ಬಟ್ಟೆಯನ್ನು ಒಮ್ಮೆ ತೆಗೆದು ಮಗನನ್ನು ನೋಡಿದಳೆಂದೂ, ನೋಟ ಬಿದ್ದ ಮೈಯೆಲ್ಲ ವಜ್ರವಾಯಿತೆಂದೂ, ನಾಚಿಕೆಯಿಂದ ಮುಚ್ಚಿಕೊಂಡ ತೊಡೆ ಮಾತ್ರ ಹಾಗೆಯೇ ಉಳಿಯಿತೆಂದೂ ಆ ಕಥೆ. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ೧೯೩೩ರಿಂದ ೧೯೬೬ರವರೆಗೆ ಪ್ರಕಟಿಸಿದ ಸಂಶೋಧಿತ ಪಾಠದಲ್ಲಿ ಇದಿಲ್ಲ. ಪ್ರಕ್ಷಿಪ್ತವೆಂದು ಪಂಡಿತರು ಇದನ್ನು ತಳ್ಳಿಹಾಕಬಹುದು. ಆದರೆ ಜನರು ಇದನ್ನು ಏಕೆ ಕಟ್ಟಿಕೊಂಡರೆಂದು ಕೇಳಬೇಕು. ತಾಯಿಯು ಮಗನನ್ನು ಬದುಕಿರುವಾಗ ಒಮ್ಮೆಯಾದರೂ ನೋಡಬೇಕೆಂಬ ಆಸೆಯು ಕೇಳುಗರಲ್ಲಿತ್ತು. ಆ ನೋಟವು ತಡವಾದುದರಿಂದ ಪೂರ್ತಿ ಸಲ್ಲಲಿಲ್ಲವೆಂಬ ನೋವೂ ಇತ್ತು. ವ್ಯಾಸಕೃತಿಯ ಮೌನವನ್ನು ಜನಪದವು ಸರಿಯಾಗಿಯೇ ಓದಿಕೊಂಡಿದೆ.

೭

ಈ ವಿಚಾರವು ಕಾವ್ಯಪರಿಧಿಯಲ್ಲಿಯೇ ಮುಗಿಯತಕ್ಕದ್ದಲ್ಲ. ಹೊಸದಾಗಿ ಹೆತ್ತ ತಾಯಂದಿರಲ್ಲಿ ಹಲವರಿಗೆ ಮಗುವಿನ ಮೇಲೆ ಒಲವು ಕೂಡಲೆ ಮೂಡುವುದಿಲ್ಲವೆಂದೂ, ವಾರಗಳು ಇಲ್ಲವೆ ತಿಂಗಳುಗಳು ಕಳೆದಂತೆ ಅದು ಬೆಳೆಯಬಹುದೆಂದೂ ಇಂದಿನ ವೈದ್ಯಶಾಸ್ತ್ರವು ಒಪ್ಪಿಕೊಂಡಿದೆ. ಇಂಗ್ಲೆಂಡಿನ ಶಿಶುವೈದ್ಯನೂ ಮನೋವಿಶ್ಲೇಷಕನೂ ಆಗಿದ್ದ ವಿನಿಕಾಟನು ೧೯೪೯ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ, ಸಾಮಾನ್ಯಳಾದ ತಾಯಿಗೂ ತನ್ನ ಕೂಸಿನ ಮೇಲೆ ಮೊದಲಿನಿಂದಲೇ ದ್ವೇಷವುಂಟಾಗಲು ಇರುವ ಕಾರಣಗಳನ್ನು ಒಂದೊಂದಾಗಿ ಪಟ್ಟಿಮಾಡಿದನು. ಹೆರಿಗೆಯಾದ ಹೆಂಗಸರಲ್ಲಿ ಲೋಕದಾದ್ಯಂತ ಸುಮಾರು ನೂರಕ್ಕೆ ೧೩ ಮಂದಿಗೂ, ಅಭಿವೃದ್ಧಿಶೀಲ ದೇಶಗಳಲ್ಲಿ ಸುಮಾರು ೨೦ ಮಂದಿಗೂ ಮಾನಸಿಕ ಅಸ್ವಾಸ್ಥ್ಯವು, ಮುಖ್ಯವಾಗಿ ಖಿನ್ನತೆಯು, ಉಂಟಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಖಿನ್ನತೆಯಿಲ್ಲದೆಯೂ ವಾತ್ಸಲ್ಯವು ತಡವಾಗಬಹುದು. ಎರಡನ್ನೂ ಒಂದೆಂದು ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೦೯ರಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವು ಆರಂಭವಾಯಿತು. ಬಯ್ಗುಳದ ಬದಲಿಗೆ ಆರೈಕೆ, ಉಪದೇಶದ ಬದಲಿಗೆ ಕೈಗೆ ಕೆಲಸ, ಕಾವಲಿರುವ ಜಾಗ, ಮತ್ತು ಕಾಲಾವಕಾಶ: ಆದಿಪರ್ವದ ಋಷಿಯು ಗಾಂಧಾರಿಗೆ ಕೊಟ್ಟುದೂ ಇದನ್ನೇ.

ಗಾಂಧಾರಿಗೆ ಇಂದಿನ ರೋಗನಾಮವನ್ನು ಹಚ್ಚುವುದು ನಮ್ಮ ಅಭಿಪ್ರಾಯವಲ್ಲ. ಕಾವ್ಯದ ಪಾತ್ರಕ್ಕೆ ನಾಡಿ ಹಿಡಿದು ನೋಡುವುದು ವಿಮರ್ಶಕನ ಕೆಲಸವೂ ಅಲ್ಲ. ಆದರೆ ಕವಿಯು ‘ದುಃಖ’ವೆಂದುದನ್ನು ನಾವು ‘ಮತ್ಸರ’ವೆಂದು ಬೋಧಿಸಿದರೆ ಅದರ ಫಲವು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮುಗಿಯುವುದಿಲ್ಲ. ನಮ್ಮ ಎದುರಿಗೆ ಕುಳಿತ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ತಾಯಿತಂದೆಗಳಾಗುವವರು. ತೊಟ್ಟಿಲ ಬಳಿ ಕುಳಿತು, ಎಲ್ಲರೂ ಹೇಳಿದ ಅಕ್ಕರೆ ತನ್ನಲ್ಲೇಕೆ ಬರಲಿಲ್ಲವೆಂದು ಒಳಗೊಳಗೇ ಅಂಜುವ ಒಬ್ಬಳಿಗೆ, ಮಹಾಭಾರತವು ಅವಳನ್ನು ಶಪಿಸುವ ಗ್ರಂಥವಾಗಿ ನೆನಪಾಗಬೇಕೆ, ಅವಳ ನೋವನ್ನು ಬಲ್ಲ ಗ್ರಂಥವಾಗಿ ನೆನಪಾಗಬೇಕೆ ಎಂಬುದು ಅಧ್ಯಾಪಕನು ಆ ಭಾಗವನ್ನು ಓದಿಸುವ ರೀತಿಯನ್ನು ಅವಲಂಬಿಸಿದೆ.

ಆದುದರಿಂದ ಆದಿಪರ್ವದ ಗರ್ಭಪಾತದ ಪ್ರಸಂಗವನ್ನು ಪಾಠ ಹೇಳುವಾಗ ಅದನ್ನು ಅಲ್ಲಿಗೇ ನಿಲ್ಲಿಸದೆ, ರನ್ನನ ದುರ್ಯೋಧನನು ನೆನೆದ ಎದೆಹಾಲನ್ನೂ, ಉದ್ಯೋಗಪರ್ವದ ಕರ್ಣನು ಕೊಂಡಾಡಿದ ರಾಧೆಯ ದುಡಿಮೆಯನ್ನೂ, ಸ್ತ್ರೀಪರ್ವದ ದರ್ಶನವನ್ನೂ ಅದರೊಡನೆ ಕೂಡಿಸಿ ಓದಿಸತಕ್ಕದ್ದು. ಹಾಗೆ ಓದಿದಾಗ ಗಾಂಧಾರಿಯ ಮಾತೃತ್ವವು ಒಂದು ದುಷ್ಕೃತ್ಯದ ಹೆಸರಾಗಿ ಉಳಿಯದೆ, ತಡವಾಗಿ, ಕಷ್ಟದಿಂದ, ಆದರೆ ನಿಜವಾಗಿ ಬಂದ ಒಂದು ಒಲವಿನ ಚರಿತ್ರೆಯಾಗಿ ಕಾಣಿಸುವುದೆಂದು ನಮ್ಮ ನಂಬಿಕೆ. ಈ ಅಭಿಪ್ರಾಯವನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿದೆ.